ಬಾಯಿಪಾಠದಿಂದ ಭರವಸೆಗೆ: ಕ್ರೈಸ್ತ ಮನೆಯಲ್ಲಿ ಬೆಳೆದವರಿಗೊಂದು ಮಾರ್ಗದರ್ಶಿ

ಮತ್ತಾಯನ ಸುವಾರ್ತೆಯ ಎರಡನೆಯ ಅಧ್ಯಾಯವನ್ನು ನಾವು ಪ್ರತಿವರ್ಷ ಕ್ರಿಸ್ಮಸ್ ಕಾಲದಲ್ಲಿ ಓದುತ್ತೇವೆ. ಆದರೆ ಅಲ್ಲಿ ಬರುವ ಒಂದು ಗುಂಪಿನ ಮೇಲೆ ನಮ್ಮ ಗಮನ ನಿಲ್ಲುವುದು ಅಪರೂಪ. ಮೂಡಣ ದೇಶದ ಜೋಯಿಸರು ಯೆರೂಸಲೇಮಿಗೆ ಬಂದು, ಹುಟ್ಟಿರುವ ಅರಸನು ಎಲ್ಲಿದ್ದಾನೆ ಎಂದು ಕೇಳಿದಾಗ, ಹೆರೋದನು ಮಹಾಯಾಜಕರನ್ನೂ ಶಾಸ್ತ್ರಿಗಳನ್ನೂ ಕರೆಸಿ ವಿಚಾರಿಸುತ್ತಾನೆ. ಅವರು ತಡವರಿಸದೆ ಬೇತ್ಲೆಹೇಮ್ ಎನ್ನುತ್ತಾರೆ, ಪ್ರವಾದಿ ಮೀಕನ ಮಾತನ್ನೂ ಒಪ್ಪಿಸುತ್ತಾರೆ. ಉತ್ತರದಲ್ಲಿ ಒಂದಕ್ಷರವೂ ತಪ್ಪಿಲ್ಲ. ಯೆರೂಸಲೇಮಿನಿಂದ ಬೇತ್ಲೆಹೇಮಿಗೆ ಸುಮಾರು 9 ಕಿಲೋಮೀಟರ್, ಎರಡು ತಾಸಿನ ನಡಿಗೆ. ಆದರೂ ಆ ಶಾಸ್ತ್ರಿಗಳಲ್ಲಿ ಒಬ್ಬನಾದರೂ ಎದ್ದು ಹೋದನೆಂದು ಮತ್ತಾಯನು ಬರೆಯುವುದಿಲ್ಲ. ವಚನ ತಿಳಿಯದ ಪರದೇಶದವರು ಹೋಗಿ ಅಡ್ಡಬಿದ್ದರು. ವಚನ ತಿಳಿದವರು ಇದ್ದಲ್ಲಿಯೇ ಉಳಿದರು.

ಉತ್ತರ ಗೊತ್ತಿದ್ದೂ ತಾವಿನ್ನೂ ಹೊರಟಿಲ್ಲವೆಂದು ಒಳಗೊಳಗೇ ಅನ್ನಿಸುತ್ತಿರುವವರಿಗಾಗಿ ಈ ಲೇಖನ. ಬಳ್ಳಾರಿ, ರಾಯಚೂರು, ಕೊಪ್ಪಳದ ನಮ್ಮ ಸಭೆಗಳಲ್ಲಿ ಅಂಥವರು ಬಹಳ ಮಂದಿ ಇದ್ದಾರೆ ಎಂಬುದು ನನ್ನ ಅನಿಸಿಕೆ. ವಾಕ್ಯಕ್ಕೆ ನಮ್ಮಲ್ಲಿ ಬರವಿಲ್ಲ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಇಲ್ಲಿಯೇ ನೆಲೆಸಿ ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದರು; 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ರಾಯಚೂರು ಜಿಲ್ಲೆಯ ಮುದಗಲ್ಲಿನ ಕಥೋಲಿಕ ಸಮುದಾಯವಂತೂ ಆದಿಲ್‌ಶಾಹಿ ಅರಸರ ಕಾಲದಷ್ಟು ಹಳೆಯದು. ಹೀಗೆ ತಲೆಮಾರುಗಳಿಂದ ವಾಕ್ಯ ಕೇಳುತ್ತ ಬಂದ ಮನೆಗಳಲ್ಲಿ ಹುಟ್ಟಿದ ಮಗುವು ಹತ್ತು ಆಜ್ಞೆಗಳನ್ನೂ, ಕರ್ತನು ಕಲಿಸಿದ ಪ್ರಾರ್ಥನೆಯನ್ನೂ, ವಿಶ್ವಾಸಪ್ರಮಾಣವನ್ನೂ ಶಾಲೆಗೆ ಸೇರುವ ಹೊತ್ತಿಗೆ ಒಪ್ಪಿಸುತ್ತದೆ. ಅದೇ ಮಗು ಬೆಳೆದು ಮೂವತ್ತು ವರ್ಷದವರಾದಾಗ, ರಾತ್ರಿ ನಿದ್ದೆ ಬಾರದೆ ಹೊರಳಾಡುವ ಹೊತ್ತಿನಲ್ಲಿ, ಆ ಮಾತುಗಳಲ್ಲಿ ಒಂದೂ ಆಸರೆಗೆ ಬಾರದಿರುವುದೂ ಉಂಟು.

ಮುಂದೆ ಹೇಳುವ ಹೆಜ್ಜೆಗಳು ಯಂತ್ರದ ಗುಂಡಿಗಳಲ್ಲ. ವಿಶ್ವಾಸವು ದೇವರ ವರವೆಂದು ಎಫೆಸದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯವೇ ಹೇಳುತ್ತದೆ. ಕಲ್ಲಾದ ಹೃದಯವನ್ನು ತೆಗೆದು ಮೃದುವಾದ ಹೃದಯವನ್ನು ಕೊಡುವವನು ತಾನೇ ಎಂದು ದೇವರು ಯೆಹೆಜ್ಕೇಲನ ಮೂಲಕ ನುಡಿದಿದ್ದಾನೆ. ನಾವು ಮಾಡಬಹುದಾದದ್ದು ಆ ವರವನ್ನು ಪಡೆಯುವ ಜಾಗದಲ್ಲಿ ಹೋಗಿ ನಿಲ್ಲುವುದು. ಆ ಜಾಗ ಯಾವುದು ಎಂಬುದೇ ಈ ಲೇಖನದ ವಿಷಯ.

ಕೊರತೆ ಎಲ್ಲಿದೆ ಎಂದು ಮೊದಲು ತಿಳಿದುಕೊಳ್ಳಿ

ವಿಶ್ವಾಸದಲ್ಲಿ ಮೂರು ಅಂಶಗಳಿವೆ ಎಂದು ಸುಧಾರಣಾ ಕಾಲದ ದೈವಶಾಸ್ತ್ರಜ್ಞರು ವಿವರಿಸುತ್ತಿದ್ದರು: ಅರಿವು, ಒಪ್ಪಿಗೆ, ಭರವಸೆ. ಆ ಕಾಲದ ಪ್ರೊಟೆಸ್ಟಂಟರ ಬೋಧನಾಗ್ರಂಥವಾದ 1563ರ ಹೈಡಲ್‌ಬರ್ಗ್ ಪ್ರಶ್ನೋತ್ತರವು ನಿಜವಾದ ನಂಬಿಕೆಯು ನಿಶ್ಚಿತವಾದ ಅರಿವು ಮಾತ್ರವಲ್ಲ, ಹೃದಯಪೂರ್ವಕವಾದ ಭರವಸೆಯೂ ಹೌದು ಎಂದು ಹೇಳುತ್ತದೆ. ಆನೆಗೊಂದಿಯಲ್ಲಿ ತುಂಗಭದ್ರೆಯ ದಡದ ಮೇಲೆ ನಿಂತವನಿಗೆ ಹರಿಗೋಲು ಎಂದರೇನೆಂದು ಗೊತ್ತಿರುತ್ತದೆ, ಅದು ದಿನವೂ ಜನರನ್ನು ಆಚೆ ದಡಕ್ಕೆ ಮುಟ್ಟಿಸುತ್ತದೆಂದು ಅವನು ಒಪ್ಪಿಯೂ ಒಪ್ಪುತ್ತಾನೆ. ಆದರೆ ತನ್ನ ಮೈಯ ಭಾರವನ್ನೆಲ್ಲ ಅದರ ಮೇಲೆ ಹಾಕಿ ಕುಳಿತಾಗ ಮಾತ್ರ ಅವನು ಅದನ್ನು ನಂಬಿದಂತಾಯಿತು. ನಮ್ಮಲ್ಲಿ ಹೆಚ್ಚಿನವರಿಗೆ ಕೊರತೆಯಿರುವುದು ಈ ಮೂರನೆಯದರಲ್ಲಿ. ಆದರೆ ಕೊರತೆ ಮೊದಲನೆಯದರಲ್ಲಿದೆ ಎಂದು ತಿಳಿದು ಇನ್ನಷ್ಟು ಪ್ರಸಂಗ ಕೇಳುತ್ತೇವೆ, ಮೊಬೈಲಿನಲ್ಲಿ ಇನ್ನಷ್ಟು ಸಂದೇಶ ನೋಡುತ್ತೇವೆ, ಇನ್ನೊಂದು ಉಜ್ಜೀವನ ಕೂಟಕ್ಕೆ ಹೋಗಿಬರುತ್ತೇವೆ. ಅರಿವು ಹೆಚ್ಚಿದಂತೆಲ್ಲ ಭರವಸೆ ತಾನಾಗಿ ಹೆಚ್ಚುವುದಿಲ್ಲ. ದೆವ್ವಗಳು ಕೂಡ ದೇವರೊಬ್ಬನೇ ಎಂದು ನಂಬಿ ನಡುಗುತ್ತವೆ ಎಂಬ ಯಾಕೋಬನ ಮಾತು ಕಠಿಣವಾಗಿದ್ದರೂ ಈ ಕಾರಣಕ್ಕಾಗಿಯೇ ಬೇಕಾಗಿದೆ.

ಹಾಗೆಂದು ಅರಿವನ್ನು ಕೀಳಾಗಿ ಕಾಣಬಾರದು. ನಮ್ಮ ಕಡೆಯ ಕೆಲವು ಕೂಟಗಳಲ್ಲಿ, ತಲೆಯನ್ನು ಬದಿಗಿಟ್ಟು ಹೃದಯದಿಂದ ಬನ್ನಿರಿ ಎಂದು ಕರೆಯುವುದನ್ನು ಕೇಳುತ್ತೇವೆ. ಇದು ಸರಿಯಾದ ಬೋಧನೆಯಲ್ಲ. ಪೂರ್ಣ ಹೃದಯದಿಂದಲೂ ಪೂರ್ಣ ಪ್ರಾಣದಿಂದಲೂ ಪೂರ್ಣ ಬುದ್ಧಿಯಿಂದಲೂ ದೇವರನ್ನು ಪ್ರೀತಿಸಬೇಕೆಂದು ಯೇಸು ಹೇಳಿದನು. ಕಂಠಪಾಠ ಮಾಡಿದ ವಾಕ್ಯವನ್ನು ಯಾರೂ ಬಿಸಾಡಬೇಕಾಗಿಲ್ಲ. ಅದನ್ನೇ ಹಿಡಿದುಕೊಂಡು ಮಾತನಾಡಲು ಕಲಿಯಬೇಕು.

ಈಗ ಮಾಡಬೇಕಾದ ಮೊದಲ ಕೆಲಸ ಇದು. ಒಂದು ವಾರದವರೆಗೆ, ನಿಮಗೆ ಹೆದರಿಕೆ, ಸಿಟ್ಟು ಅಥವಾ ಆಸೆ ಬಲವಾಗಿ ಎದ್ದಾಗಲೆಲ್ಲ ನಿಮ್ಮ ಮನಸ್ಸು ಮೊದಲು ಎಲ್ಲಿಗೆ ಓಡುತ್ತದೆ ಎಂದು ಗಮನಿಸಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರಸ್ಟ್‌ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋದ ಸಂದರ್ಭವನ್ನು ನೆನೆಸಿಕೊಳ್ಳಿ. ತಾತ್ಕಾಲಿಕ ಗೇಟು ಕೂರಿಸುವವರೆಗಿನ ಆ ದಿನಗಳಲ್ಲಿ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಭತ್ತದ ರೈತರಿಗೆ ನೀರು ಉಳಿಯುವುದೋ ಇಲ್ಲವೋ ಎಂಬ ಒಂದೇ ಚಿಂತೆ. ನಾಳಿನ ವಿಷಯವಾಗಿ ಚಿಂತೆ ಮಾಡಬೇಡಿರಿ ಎಂಬ ವಾಕ್ಯವನ್ನು ಅವರಲ್ಲಿದ್ದ ಕ್ರೈಸ್ತರೆಲ್ಲರೂ ಬಲ್ಲರು. ಆ ದಿನಗಳಲ್ಲಿ ಹೆದರಿದ್ದು ಅವಿಶ್ವಾಸವಲ್ಲ. ಹೊಲದಲ್ಲಿ ಸಾಲ ಹೂಡಿದವನು ಹೆದರುವುದು ಸಹಜ. ಆ ಹೆದರಿಕೆಯನ್ನು ಯಾರ ಮುಂದೆ ಇಟ್ಟೆವು ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು. ಸುದ್ದಿ ಚಾನೆಲ್ಲಿನ ಮುಂದೆಯೇ, ಸಾಲ ಕೊಟ್ಟವರ ಮುಂದೆಯೇ, ನಮ್ಮ ಒಳಗೇ ತಿರುಗುವ ಲೆಕ್ಕಾಚಾರದ ಮುಂದೆಯೇ, ಅಥವಾ ದೇವರ ಮುಂದೆಯೇ? ಸುಳ್ಳಿಲ್ಲದೆ ಬರೆಯಿರಿ, ಯಾರಿಗೂ ತೋರಿಸಬೇಕಾಗಿಲ್ಲ.

ವಾರದ ಕೊನೆಗೆ ಆ ಪುಟವನ್ನು ಓದಿ, “ದೇವರು ಹೀಗೆಂದು ನಾನು ಬಲ್ಲೆ, ಆದರೆ ಹೀಗಲ್ಲವೆಂಬಂತೆ ಬದುಕುತ್ತಿದ್ದೇನೆ” ಎಂಬ ರೂಪದಲ್ಲಿ ಒಂದೇ ಒಂದು ವಾಕ್ಯ ಬರೆಯಿರಿ. ದೇವರು ಕ್ಷಮಿಸುವವನೆಂದು ಬಲ್ಲೆ, ಆದರೆ ಹತ್ತು ವರ್ಷದ ಹಿಂದಿನ ಆ ತಪ್ಪಿಗೆ ಇನ್ನೂ ದಂಡ ಕಟ್ಟುತ್ತಿರುವಂತೆ ಬದುಕುತ್ತಿದ್ದೇನೆ. ದೇವರು ತಂದೆಯೆಂದು ಬಲ್ಲೆ, ಆದರೆ ಮಗಳ ಮದುವೆಯ ಖರ್ಚಿನ ವಿಷಯದಲ್ಲಿ ತಬ್ಬಲಿಯಂತೆ ಬದುಕುತ್ತಿದ್ದೇನೆ. ಮುಂದಿನ ಹೆಜ್ಜೆಗಳೆಲ್ಲ ಈ ಒಂದು ವಾಕ್ಯವನ್ನೇ ಅವಲಂಬಿಸಿವೆ. ಎಲ್ಲ ಸಿದ್ಧಾಂತಗಳನ್ನೂ ಒಮ್ಮೆಲೇ ಹೃದಯಕ್ಕೆ ಇಳಿಸಲು ಹೊರಟವರು ಒಂದನ್ನೂ ಇಳಿಸಲಾರರು.

ಕಡಿಮೆ ಓದಿ, ನಿಂತು ಓದಿ

ವರ್ಷಕ್ಕೊಮ್ಮೆ ಇಡೀ ಬೈಬಲ್ ಓದಿ ಮುಗಿಸುವ ಪದ್ಧತಿ ಒಳ್ಳೆಯದೇ. ಆದರೆ ಅದು ಈ ಕೊರತೆಗೆ ಮದ್ದಲ್ಲ. ಮೂರು ನಾಲ್ಕು ಅಧ್ಯಾಯಗಳನ್ನು ಓಡಿ ಮುಗಿಸಿದವನಿಗೆ ಯಾವ ಮಾತಿಗೂ ಉತ್ತರ ಕೊಡಲು ಪುರಸೊತ್ತಿರುವುದಿಲ್ಲ. ಹನ್ನೆರಡನೆಯ ಶತಮಾನದ ಕಾರ್ತೂಸಿಯನ್ ಸನ್ಯಾಸಿ ಎರಡನೆಯ ಗೀಗೋ ಎಂಬವರು ವಾಕ್ಯಪಠನವನ್ನು ನಾಲ್ಕು ಮೆಟ್ಟಿಲುಗಳಾಗಿ ವಿವರಿಸಿದ್ದರು: ಓದುವುದು, ಮೆಲುಕು ಹಾಕುವುದು, ಪ್ರಾರ್ಥಿಸುವುದು, ದೇವರ ಸನ್ನಿಧಿಯಲ್ಲಿ ಸುಮ್ಮನಿರುವುದು. ಕಥೋಲಿಕ ಧರ್ಮಸಭೆಯಲ್ಲಿ ಇದು ಇಂದಿಗೂ ರೂಢಿಯಲ್ಲಿದೆ. ಪ್ರೊಟೆಸ್ಟಂಟ್ ಸಭೆಯವರು ಇದನ್ನು ಕಂಡು ಹಿಂಜರಿಯಬೇಕಾದ ಕಾರಣವಿಲ್ಲ, ಏಕೆಂದರೆ ಹಗಲಿರುಳು ವಾಕ್ಯವನ್ನು ಧ್ಯಾನಿಸುವವನು ಧನ್ಯನೆಂದು ಮೊದಲನೆಯ ಕೀರ್ತನೆಯೇ ಹಾಡಿದೆ.

ಒಂದು ಉದಾಹರಣೆಯನ್ನು ಬಿಡಿಸಿ ತೋರಿಸುತ್ತೇನೆ. ಮಾರ್ಕನ ಸುವಾರ್ತೆಯ ಹತ್ತನೆಯ ಅಧ್ಯಾಯದ 46ನೆಯ ವಚನದಿಂದ ಕೊನೆಯವರೆಗೆ ಓದಿರಿ, ಏಳೇ ವಚನಗಳಿವೆ. ಯೆರಿಕೋವಿನ ದಾರಿಯ ಮಗ್ಗುಲಲ್ಲಿ ಭಿಕ್ಷೆ ಬೇಡುತ್ತ ಕುಳಿತಿದ್ದ ಬಾರ್ತಿಮಾಯನೆಂಬ ಕುರುಡನು ಯೇಸು ಬರುತ್ತಿದ್ದಾನೆಂದು ಕೇಳಿ ಕೂಗಲಾರಂಭಿಸುತ್ತಾನೆ. ಒಮ್ಮೆ ಗಟ್ಟಿಯಾಗಿ, ಮನೆಯಲ್ಲಿ ಬೇರೆ ಯಾರಿಗೋ ಓದಿ ಹೇಳುವಂತೆ ನಿಧಾನವಾಗಿ ಓದಿ. ಎರಡನೆಯ ಸಲ ಓದುವಾಗ ನೀವೂ ಆ ದಾರಿಯಲ್ಲಿದ್ದೀರೆಂದು ಭಾವಿಸಿಕೊಳ್ಳಿ. ಸ್ಥಳವನ್ನು ಕಣ್ಣಮುಂದೆ ತಂದುಕೊಂಡು ಸುವಾರ್ತೆಯೊಳಗೆ ಪ್ರವೇಶಿಸುವ ಈ ರೀತಿಯನ್ನು ಯೇಸುಸಭೆಯ ಸಂಸ್ಥಾಪಕರಾದ ಲೊಯೋಲದ ಇಗ್ನೇಷಿಯಸ್ ಕಲಿಸಿದರು. ಯೆರಿಕೋ ಕಂಡಿಲ್ಲವೆಂದು ಚಿಂತಿಸಬೇಡಿ. ಏಪ್ರಿಲ್ ತಿಂಗಳ ರಾಯಚೂರಿನ ಬಿಸಿಲು, ಧೂಳು, ದಾರಿಬದಿಯ ನೆರಳಿಲ್ಲದ ಜಾಗ ಇವು ನಿಮಗೆ ಗೊತ್ತಿವೆ. ಸುಮ್ಮನಿರು ಎಂದು ಗದರಿಸುವ ಜನರನ್ನೂ ನೀವು ಬಲ್ಲಿರಿ.

ಈಗ ಬಾರ್ತಿಮಾಯನು ಮಾಡಿದ್ದನ್ನು ಗಮನಿಸಿ. “ದಾವೀದನ ಕುಮಾರನೇ” ಎಂದು ಅವನು ಕೂಗಿದ್ದು ಒಂದು ಸಿದ್ಧಾಂತವನ್ನು. ಬರಬೇಕಾದ ಮೆಸ್ಸೀಯನು ದಾವೀದನ ವಂಶದವನೆಂಬುದು ಸಭಾಮಂದಿರದ ಬೋಧನೆ, ಅಂದರೆ ತಲೆಯ ಜ್ಞಾನ. ಆದರೆ ಅದರ ಬೆನ್ನಿಗೇ “ನನ್ನನ್ನು ಕರುಣಿಸು” ಎಂದು ಸೇರಿಸಿದನು. ಅಷ್ಟರಿಂದಲೇ ಆ ಜ್ಞಾನ ಮೊರೆಯಾಯಿತು. ಶಾಸ್ತ್ರಿಗಳು ಮೆಸ್ಸೀಯನ ಬಗ್ಗೆ ಹೆರೋದನಿಗೆ ಹೇಳಿದರು. ಕುರುಡನು ಮೆಸ್ಸೀಯನಿಗೇ ಹೇಳಿದನು. ತಲೆಯ ವಿಶ್ವಾಸಕ್ಕೂ ಹೃದಯದ ವಿಶ್ವಾಸಕ್ಕೂ ಇರುವ ಅಂತರವನ್ನು ನಾನು ಕಂಡುಕೊಂಡದ್ದು ಇಲ್ಲಿ, ಕಣ್ಣೀರಿನಲ್ಲಿ ಅಲ್ಲ.

ಬಳಿಕ ಯೇಸು ಅವನನ್ನು ಕರೆಸಿ, ನಾನು ನಿನಗೆ ಏನು ಮಾಡಬೇಕೆನ್ನುತ್ತೀ ಎಂದು ಕೇಳುತ್ತಾನೆ. ಪುಸ್ತಕವನ್ನು ಇಲ್ಲಿ ಮುಚ್ಚಿ. ಆ ಪ್ರಶ್ನೆಯನ್ನು ನಿಮಗೇ ಕೇಳಿದನೆಂದು ತಿಳಿದು, ಮೊದಲ ವಾರದಲ್ಲಿ ಬರೆದಿಟ್ಟ ಆ ಒಂದು ವಾಕ್ಯವನ್ನು ನೆನೆದು ಉತ್ತರ ಕೊಡಿ. ದೇವರೇ, ಎಲ್ಲರನ್ನೂ ಆಶೀರ್ವದಿಸು ಎಂಬ ಉತ್ತರ ಇಲ್ಲಿ ಸಲ್ಲದು. ಬಾರ್ತಿಮಾಯನು ಕಣ್ಣು ಬೇಕೆಂದು ನೇರವಾಗಿ ಕೇಳಿದನು. ಉತ್ತರ ಹೊಳೆಯದಿದ್ದರೆ, ಏನು ಕೇಳಬೇಕೋ ತಿಳಿಯುತ್ತಿಲ್ಲ ಎಂದೇ ಹೇಳಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿರಿ. ಮರುದಿನವೂ ಇದೇ ಏಳು ವಚನಗಳನ್ನು ಓದಿ. ಒಂದು ವಾರ ಬೇರೆ ಅಧ್ಯಾಯಕ್ಕೆ ಹೋಗದಿದ್ದರೂ ನಷ್ಟವೇನೂ ಇಲ್ಲ.

ಸಮಯದ ವಿಷಯದಲ್ಲಿ ಒಂದು ಮಾತು. ಬೆಳಗಿನ ಜಾವವೇ ಪ್ರಾರ್ಥನೆಗೆ ತಕ್ಕ ಹೊತ್ತೆಂದು ಹೇಳುವವರಿದ್ದಾರೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೋ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲೋ ಹಟ್ಟಿಯ ಚಿನ್ನದ ಗಣಿಯಲ್ಲೋ ರಾತ್ರಿ ಪಾಳಿ ಮುಗಿಸಿ ಬಂದವರು ಇದನ್ನು ಕೇಳಿ ಕುಗ್ಗಬಾರದು. ಮಲಗುವ ಮುಂಚಿನ ಹದಿನೈದು ನಿಮಿಷವೂ ಸಾಕು. ಆದರೆ ಆ ಹದಿನೈದು ನಿಮಿಷ ಮೊಬೈಲು ಬೇರೆ ಕೋಣೆಯಲ್ಲಿರಲಿ.

“ಆತನು” ಎನ್ನುವುದನ್ನು “ನೀನು” ಎನ್ನಿ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆಯನ್ನು ಆರಿಸಿಕೊಳ್ಳಬೇಕೆಂದರೆ ಇದನ್ನು ಆರಿಸಿಕೊಳ್ಳಿ.

ಇಪ್ಪತ್ತಮೂರನೆಯ ಕೀರ್ತನೆ ನಮಗೆಲ್ಲ ಬಾಯಿಪಾಠ. ಯೆಹೋವನು ನನಗೆ ಕುರುಬನು ಎಂದು ಅದು ಆರಂಭವಾಗುತ್ತದೆ. ಆತನು ಹಸುರುಗಾವಲುಗಳಲ್ಲಿ ತಂಗಿಸುತ್ತಾನೆ, ಆತನು ನೀರಿನ ಬಳಿಗೆ ನಡಿಸುತ್ತಾನೆ ಎಂದು ಮೂರು ವಚನಗಳವರೆಗೆ ದಾವೀದನು ದೇವರ ಬಗ್ಗೆ ಹೇಳುತ್ತಾನೆ. ನಾಲ್ಕನೆಯ ವಚನದಲ್ಲಿ ಕಾರ್ಗತ್ತಲಿನ ಕಣಿವೆ ಬರುತ್ತದೆ, ಅಲ್ಲಿಂದ ಮಾತಿನ ದಿಕ್ಕೇ ಬದಲಾಗುತ್ತದೆ: ನೀನು ನನ್ನ ಹತ್ತಿರವಿರುತ್ತೀ, ನಿನ್ನ ದೊಣ್ಣೆಯೂ ನಿನ್ನ ಕೋಲೂ ನನಗೆ ಧೈರ್ಯಕೊಡುತ್ತವೆ. ಹಸುರುಗಾವಲಿನಲ್ಲಿದ್ದಾಗ ದೇವರ ವಿಷಯವಾಗಿ ಹೇಳುತ್ತಿದ್ದವನು ಕತ್ತಲೆ ಕವಿದಾಗ ದೇವರೊಡನೆಯೇ ಮಾತಿಗಿಳಿಯುತ್ತಾನೆ.

ನೀವು ಮಾಡಬೇಕಾದದ್ದೂ ಇದೇ. ನಿಮಗೆ ಗೊತ್ತಿರುವ ಯಾವುದಾದರೊಂದು ಸತ್ಯವನ್ನು ತೆಗೆದುಕೊಳ್ಳಿ. ಮೊದಲು ಅದನ್ನು ಹೇಳಿಕೆಯಾಗಿ ನುಡಿಯಿರಿ: ದೇವರು ಪಾಪಗಳನ್ನು ಕ್ಷಮಿಸುತ್ತಾನೆ. ಬಳಿಕ ಅದನ್ನು ಆತನಿಗೇ ಹೇಳಿ: ನೀನು ಪಾಪಗಳನ್ನು ಕ್ಷಮಿಸುತ್ತೀ. ಆಮೇಲೆ ಅದರೊಳಗೆ ನಿಮ್ಮನ್ನು ಸೇರಿಸಿ: ನೀನು ನನ್ನನ್ನು ಕ್ಷಮಿಸುತ್ತೀ. ಕೊನೆಗೆ, ಬಾಯಿ ಒಣಗಿದರೂ ಸರಿ, ನಿಜವಾದ ವಿಷಯವನ್ನು ಹೆಸರಿಟ್ಟು ಹೇಳಿ: ತಾಯಿ ಆಸ್ಪತ್ರೆಯಲ್ಲಿದ್ದಾಗ ನಾನು ಹೋಗಿ ನೋಡದಿದ್ದದ್ದನ್ನು ನೀನು ಕ್ಷಮಿಸುತ್ತೀ. ಮೊದಲನೆಯ ಮಾತನ್ನು ಯಾರಾದರೂ ಸುಲಭವಾಗಿ ಹೇಳಬಹುದು. ನಾಲ್ಕನೆಯದಕ್ಕೆ ಬಂದಾಗ ಗಂಟಲು ಕಟ್ಟಬಹುದು, ಅಥವಾ ಇದನ್ನು ನಾನು ನಂಬುವುದಿಲ್ಲವಲ್ಲ ಎಂದು ಒಳಗಿನಿಂದ ಒಂದು ಪ್ರತಿಭಟನೆ ಏಳಬಹುದು. ಆ ಪ್ರತಿಭಟನೆಯನ್ನು ಅದುಮಿಡದೆ ಅದನ್ನೂ ದೇವರಿಗೇ ಹೇಳಿ. ಮಾರ್ಕನ ಒಂಬತ್ತನೆಯ ಅಧ್ಯಾಯದಲ್ಲಿ ಮಗನ ಬೇನೆಯಿಂದ ಕಂಗೆಟ್ಟ ತಂದೆಯು, ನಂಬುತ್ತೇನೆ, ನನ್ನ ಅಪನಂಬಿಕೆಯಲ್ಲಿ ಸಹಾಯಮಾಡು ಎಂಬರ್ಥದ ಮಾತನ್ನು ಕೂಗಿ ಹೇಳಿದಾಗ ಯೇಸು ಅವನನ್ನು ಹಿಂದಕ್ಕೆ ಕಳುಹಿಸಲಿಲ್ಲ. ಆ ಅರೆಬರೆ ನಂಬಿಕೆಗೇ ಉತ್ತರಕೊಟ್ಟು ಹುಡುಗನನ್ನು ವಾಸಿಮಾಡಿದನು.

ಮನೆಮಾತಿನಲ್ಲಿ ಪ್ರಾರ್ಥಿಸಿ. ನಮ್ಮ ಸಭೆಗಳಲ್ಲಿ ಪ್ರಾರ್ಥನೆಗೆಂದೇ ಒಂದು ಗ್ರಾಂಥಿಕ ಕನ್ನಡ ಬೆಳೆದಿದೆ. ಕೃಪಾಳುವಾದ ತಂದೆಯೇ, ಪರಿಶುದ್ಧ ಸನ್ನಿಧಾನಕ್ಕೆ ಬರುತ್ತೇವೆ ಎಂದು ಆರಂಭವಾದರೆ ಅದು ನೀರು ಹರಿದಂತೆ ಹರಿದು ಆಮೆನ್‌ನಲ್ಲಿ ನಿಲ್ಲುತ್ತದೆ, ನಡುವೆ ಹೇಳಿದ್ದೇನೆಂದು ನಮಗೇ ನೆನಪಿರುವುದಿಲ್ಲ. ಆ ಭಾಷೆಗೆ ತನ್ನದೇ ಗಾಂಭೀರ್ಯವಿದೆ, ಆರಾಧನೆಯಲ್ಲಿ ಅದು ಇರಲಿ. ಒಬ್ಬರೇ ಇರುವಾಗ ಮಾತ್ರ, “ದೇವ್ರೇ, ನನಗ ಭಾಳ ಅಂಜಿಕಿ ಆಗೈತಿ” ಎಂದು ತಾಯಿಗೆ ಹೇಳುವ ಮಾತಿನಲ್ಲೇ ಹೇಳಿ. ಬಳ್ಳಾರಿ, ರಾಯಚೂರಿನ ಎಷ್ಟೋ ಮನೆಗಳಲ್ಲಿ ಅಳುವುದೂ ಜಗಳವಾಡುವುದೂ ತೆಲುಗಿನಲ್ಲಿ, ತಾಂಡಾಗಳಲ್ಲಿ ಲಂಬಾಣಿಯಲ್ಲಿ. ಅಂಥವರು ಆ ಭಾಷೆಯಲ್ಲೇ ಪ್ರಾರ್ಥಿಸಲಿ. ಎಷ್ಟೋ ವರ್ಷ ಕನ್ನಡ ಬೈಬಲಿನ ಮಾತಿನಲ್ಲಷ್ಟೇ ಪ್ರಾರ್ಥಿಸಿದವರು ಮನೆಮಾತಿಗೆ ತಿರುಗಿದ ದಿನ ಮೊದಲ ಸಲ ತಮ್ಮ ಮನಸ್ಸನ್ನು ತಾವೇ ಕೇಳಿಸಿಕೊಳ್ಳುತ್ತಾರೆ.

ಬಚ್ಚಿಟ್ಟದ್ದನ್ನು ಬಿಚ್ಚಿಡಿ

ಹೃದಯಕ್ಕೆ ವಾಕ್ಯ ಇಳಿಯದಿರಲು ಕಾರಣ ಎಷ್ಟೋ ಸಲ ಬುದ್ಧಿಯ ಸಂಶಯವಲ್ಲ, ಒಂದು ಗುಟ್ಟು. ಕುಡಿತ, ಯಾರಿಗೂ ತಿಳಿಯದ ಸಂಬಂಧ, ಸಭೆಯ ಹಣದ ಲೆಕ್ಕದಲ್ಲಿ ಮಾಡಿದ ಕೈವಾಡ, ಅಣ್ಣತಮ್ಮಂದಿರ ಪಾಲಿನಲ್ಲಿ ಮಾಡಿದ ಮೋಸ. ಇದನ್ನು ಒಳಗಿಟ್ಟುಕೊಂಡು ಕೃಪೆಯ ಹಾಡನ್ನು ಹಾಡುವವನಿಗೆ ಆ ಹಾಡು ಬೇರೆಯವರದ್ದೆನಿಸುತ್ತದೆ. ಕಥೋಲಿಕರಿಗೆ ಪಾಪನಿವೇದನೆಯ ಸಂಸ್ಕಾರವಿದೆ. ವರ್ಷಕ್ಕೊಮ್ಮೆ ತಪಸ್ಸುಕಾಲದಲ್ಲಿ ಸಾಲಿನಲ್ಲಿ ನಿಂತು ಮುಗಿಸುವ ಕರ್ತವ್ಯವಾಗಿ ನೋಡದೆ, ಆ ಒಂದು ವಿಷಯವನ್ನು ಹೇಳಲೆಂದೇ ಹೋಗಿರಿ. ಪ್ರೊಟೆಸ್ಟಂಟ್ ಸಭೆಯವರಿಗೂ, ತಪ್ಪುಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿಕೊಳ್ಳಿರಿ ಎಂಬ ಯಾಕೋಬನ ಆಜ್ಞೆಯಿದೆ. ಹೇಳುವ ವ್ಯಕ್ತಿಯನ್ನು ಮಾತ್ರ ನೋಡಿ ಆರಿಸಿಕೊಳ್ಳಿ: ಬೇರೆಯವರ ಗುಟ್ಟನ್ನು ನಿಮ್ಮ ಮುಂದೆ ಆಡದವರು, ನಿಮಗಿಂತ ವಿಶ್ವಾಸದಲ್ಲಿ ಹಿರಿಯರು, ಗಂಡಸರಿಗೆ ಗಂಡಸರು ಮತ್ತು ಹೆಂಗಸರಿಗೆ ಹೆಂಗಸರಾದರೆ ಒಳ್ಳೆಯದು. ಪ್ರಾರ್ಥನಾ ಕೂಟದಲ್ಲಿ ಎಲ್ಲರ ಮುಂದೆ ನಿಂತು ಹೇಳಬೇಕೆಂದು ಯಾರಾದರೂ ಒತ್ತಾಯಿಸಿದರೆ ಒಪ್ಪಬೇಡಿ.

ಒಂದು ವಿಧೇಯತೆ

ದೇವರ ಚಿತ್ತದಂತೆ ನಡೆಯಲು ಮನಸ್ಸುಳ್ಳವನಿಗೆ ಈ ಬೋಧನೆ ದೇವರಿಂದ ಬಂದದ್ದೋ ಅಲ್ಲವೋ ಎಂಬುದು ತಿಳಿಯುವುದೆಂದು ಯೋಹಾನನ ಏಳನೆಯ ಅಧ್ಯಾಯದಲ್ಲಿ ಯೇಸು ಹೇಳುತ್ತಾನೆ. ನಾವು ತಿಳಿದ ಮೇಲೆ ನಡೆಯುತ್ತೇವೆ ಎನ್ನುತ್ತೇವೆ. ಆತನು ನಡೆದು ತಿಳಿಯಿರಿ ಎನ್ನುತ್ತಾನೆ. ಜಕ್ಕಾಯನು ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಎಂದು ಎದ್ದುನಿಂತು ಹೇಳಿದ ಮೇಲೆಯೇ ಯೇಸು, ಈಹೊತ್ತು ಈ ಮನೆಗೆ ರಕ್ಷಣೆಯಾಯಿತು ಎಂದನು.

ಆದ್ದರಿಂದ ನಿಮಗೆ ಈಗಾಗಲೇ ಸ್ಪಷ್ಟವಾಗಿ ಗೊತ್ತಿರುವ ಒಂದು ಆಜ್ಞೆಯನ್ನು ಆರಿಸಿಕೊಳ್ಳಿ. ಅದಕ್ಕೆ ದಿನಾಂಕ ಇರಲಿ, ಮತ್ತು ಅದರಿಂದ ನಿಮಗೆ ಏನಾದರೂ ಖರ್ಚಾಗಲಿ. ತೀರಿಸದೆ ಬಿಟ್ಟ ಕೈಗಡವನ್ನು ತೀರಿಸುವುದು. ಮಾತು ಬಿಟ್ಟ ತಮ್ಮನ ಮನೆಗೆ ಹೋಗುವುದು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನೊಂದಿಗೆ ಒಂದಾಗು ಎಂದು ಹೇಳಿದವನು ಆ ಮಾತನ್ನು ನಮಗೂ ಹೇಳಿದ್ದಾನೆ. ಹೊಲದಲ್ಲೋ ಜೀನ್ಸ್ ಹೊಲಿಗೆಯ ಘಟಕದಲ್ಲೋ ಆಳುಗಳನ್ನು ಇಟ್ಟುಕೊಂಡವರು ಉಳಿಸಿಕೊಂಡ ಕೂಲಿಯನ್ನು ಕೊಡುವುದು. ಗುಳೆ ಹೋದ ನೆರೆಮನೆಯವರ ವಯಸ್ಸಾದ ತಂದೆತಾಯಿಯನ್ನು ದಿನಕ್ಕೊಮ್ಮೆ ವಿಚಾರಿಸುವುದು.

ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. ಕ್ರಿಸ್ತನಲ್ಲಿ ಯೆಹೂದ್ಯನು ಗ್ರೀಕನು ಎಂಬ ಭೇದವಿಲ್ಲವೆಂದು ಗಲಾತ್ಯದವರಿಗೆ ಬರೆದ ಪತ್ರಿಕೆಯಿಂದ ಓದುವ ನಾವು, ಸಂಬಂಧ ಕೂಡಿಸುವಾಗ ಹಿಂದಿನ ಜಾತಿಯನ್ನು ಪಿಸುಮಾತಿನಲ್ಲಿ ವಿಚಾರಿಸುತ್ತೇವೆ. ತಲೆಯಲ್ಲಿರುವ ವಿಶ್ವಾಸ ಹೃದಯಕ್ಕೆ ಇಳಿಯಬೇಕಾದ ಜಾಗ ನಮ್ಮ ಭಾಗದಲ್ಲಿ ಬೇರೆಲ್ಲಕ್ಕಿಂತ ಹೆಚ್ಚಾಗಿ ಇಲ್ಲಿದೆ ಎಂದು ನಾನು ದೃಢವಾಗಿ ನಂಬುತ್ತೇನೆ. ಯಾರ ಮನೆಯಲ್ಲಿ ಇದುವರೆಗೆ ಊಟ ಮಾಡಿಲ್ಲವೋ ಅವರ ಮನೆಯಲ್ಲಿ ಈ ತಿಂಗಳು ಊಟ ಮಾಡಿರಿ, ಅವರನ್ನು ನಿಮ್ಮ ಮನೆಗೂ ಕರೆಯಿರಿ. ಕರ್ತನ ಭೋಜನದ ಮೇಜಿನಲ್ಲಿ ಒಂದೇ ರೊಟ್ಟಿಯನ್ನು ಹಂಚಿಕೊಳ್ಳುವವರು ನಾವು.

ಒಬ್ಬರೇ ನಡೆಯಬೇಡಿ

ರಾಯಚೂರಿನ ಮೆಥೋಡಿಸ್ಟ್ ಸಭೆಯವರಿಗೆ ಆ ಪಂಥವನ್ನು ಆರಂಭಿಸಿದ ಜಾನ್ ವೆಸ್ಲಿಯವರ ಹೆಸರು ಹೊಸದಲ್ಲ, ಆದರೆ ಅವರ ಕಥೆಯನ್ನು ನಾವು ಅರ್ಧಕ್ಕೇ ನಿಲ್ಲಿಸುತ್ತೇವೆ. ಆಕ್ಸ್‌ಫರ್ಡಿನಲ್ಲಿ ಓದಿ, 1728ರಲ್ಲಿ ಪಾದ್ರಿಯಾಗಿ ಅಭಿಷೇಕ ಹೊಂದಿ, ಅಮೆರಿಕದ ಜಾರ್ಜಿಯಾಕ್ಕೆ ಮಿಷನರಿಯಾಗಿಯೂ ಹೋಗಿಬಂದ ಮನುಷ್ಯ ಅವರು. ಅಲ್ಲಿಗೆ ಹೋಗುವ ಹಡಗಿನ ಪಯಣದಲ್ಲಿ, 1736ರ ಜನವರಿಯ ಬಿರುಗಾಳಿಯ ನಡುವೆ ಮೊರೇವಿಯನ್ ಎಂಬ ಪ್ರೊಟೆಸ್ಟಂಟ್ ಪಂಗಡದ ಕ್ರೈಸ್ತರು ಹೆದರದೆ ಹಾಡುತ್ತಿದ್ದುದನ್ನು ಕಂಡು, ತಮ್ಮಲ್ಲಿಲ್ಲದ್ದು ಅವರಲ್ಲಿದೆ ಎಂದು ಅರಿತರು. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಮನಸ್ಸಿಲ್ಲದೆ ಹೋಗಿದ್ದಾಗ, ರೋಮಾಪುರದವರಿಗೆ ಬರೆದ ಪತ್ರಿಕೆಗೆ ಮಾರ್ಟಿನ್ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿರುವಾಗ, ಅವರ ಹೃದಯ ವಿಚಿತ್ರ ರೀತಿಯಲ್ಲಿ ಬೆಚ್ಚಗಾಯಿತು. ಕ್ರಿಸ್ತನು ತನ್ನ ಪಾಪಗಳನ್ನೇ, ಹೌದು ತನ್ನವನ್ನೇ, ತೆಗೆದುಹಾಕಿದ್ದಾನೆಂಬ ನಿಶ್ಚಯ ಹುಟ್ಟಿತು. ಇಲ್ಲಿಯವರೆಗೆ ಎಲ್ಲರೂ ಹೇಳುತ್ತಾರೆ. ಆದರೆ ಎಂಟು ತಿಂಗಳೊಳಗೆ, 1739ರ ಜನವರಿ 4ರಂದು, ತಾನು ಈಗ ಕ್ರೈಸ್ತನಲ್ಲ ಎಂದು ಅದೇ ವೆಸ್ಲಿ ದಿನಚರಿಯಲ್ಲಿ ಬರೆದುಕೊಂಡರು. ಆ ಬೆಚ್ಚನೆಯ ಭಾವನೆ ನಿಂತಿರಲಿಲ್ಲ. ಆದರೂ ಅವರು ಪ್ರಸಂಗ ಮಾಡುವುದನ್ನೂ ಬಡವರ ಬಳಿಗೆ ಹೋಗುವುದನ್ನೂ ನಿಲ್ಲಿಸಲಿಲ್ಲ. 1742ರಲ್ಲಿ ಅವರು ಕಟ್ಟಿದ ಮೆಥೋಡಿಸ್ಟ್ ಸಮಾಜಗಳಲ್ಲಿ ಹನ್ನೆರಡರಷ್ಟು ಜನರ ಚಿಕ್ಕ ಗುಂಪುಗಳು ಆರಂಭವಾದವು. ಅಲ್ಲಿ ಪಾಠಕ್ಕಿಂತ ಹೆಚ್ಚಾಗಿ, ನಿಮ್ಮ ಆತ್ಮದ ಸ್ಥಿತಿ ಹೇಗಿದೆ ಎಂದು ಪ್ರತಿಯೊಬ್ಬರನ್ನೂ ವಿಚಾರಿಸಿಕೊಳ್ಳುತ್ತಿದ್ದರು.

ನಮ್ಮ ಮನೆ ಪ್ರಾರ್ಥನೆಗಳು ಹೀಗೆ ಆಗಬಲ್ಲವು. ಹಾಡು, ಸಾಕ್ಷಿ, ಸಣ್ಣ ಪ್ರಸಂಗ, ಚಹಾ ಎಂಬ ಕ್ರಮಕ್ಕೆ ಒಂದು ಪ್ರಶ್ನೆಯನ್ನು ಸೇರಿಸಿ: ಈ ವಾರ ದೇವರನ್ನು ನಂಬುವುದು ನಿಮಗೆ ಎಲ್ಲಿ ಕಷ್ಟವಾಯಿತು? ಗೆದ್ದ ಸಾಕ್ಷಿಗಳನ್ನು ಮಾತ್ರ ಕೇಳುತ್ತ ಬಂದ ಗುಂಪಿನಲ್ಲಿ ಈ ಪ್ರಶ್ನೆಗೆ ಮೊದಮೊದಲು ಯಾರೂ ಬಾಯಿಬಿಡುವುದಿಲ್ಲ. ಮುಂದಾಳುಗಳು ತಾವೇ ಮೊದಲು ಉತ್ತರಿಸಬೇಕು. ಮೂರು ಜನ ಸಿಕ್ಕರೂ ಸಾಕು, ತಿಂಗಳಿಗೆ ಎರಡು ಸಲ ಸೇರಿದರೂ ಸಾಕು.

ಏನೂ ಅನ್ನಿಸದ ದಿನಗಳು

ಇಷ್ಟೆಲ್ಲ ಮಾಡಿದ ಮೇಲೂ ಒಳಗೆ ಏನೂ ಅಲುಗಾಡದಿರಬಹುದು. ಆಗ ಎರಡು ತಪ್ಪುಗಳಿಂದ ದೂರವಿರಿ. ಒಂದು, ಭಾವನೆಯನ್ನು ಎಳೆದು ತರುವುದು. ಕೂಟದಲ್ಲಿ ಎಲ್ಲರೂ ಅಳುತ್ತಿದ್ದಾರೆಂದು ಅತ್ತವರಿಗೆ ಮನೆಗೆ ಬಂದ ಮೇಲೆ ಮೊದಲಿಗಿಂತ ಹೆಚ್ಚು ಖಾಲಿತನ. ಎರಡು, ನನಗೆ ವಿಶ್ವಾಸವೇ ಇಲ್ಲವೆಂದು ತೀರ್ಪು ಕೊಟ್ಟುಕೊಳ್ಳುವುದು. ಕೋಲ್ಕತ್ತದ ಮದರ್ ತೆರೇಸಾ ಅವರು ದಶಕಗಳ ಕಾಲ ಪ್ರಾರ್ಥನೆಯಲ್ಲಿ ದೇವರ ಸಾನ್ನಿಧ್ಯದ ಅನುಭವವಿಲ್ಲದೆ ಬದುಕಿದರೆಂಬುದು ಅವರ ಮರಣಾನಂತರ 2007ರಲ್ಲಿ ಪ್ರಕಟವಾದ ಪತ್ರಗಳಿಂದ ತಿಳಿದುಬಂತು. ಎಂಬತ್ತೆಂಟನೆಯ ಕೀರ್ತನೆಯು ಮೊದಲಿನಿಂದ ಕೊನೆಯವರೆಗೆ ಕತ್ತಲೆಯಲ್ಲೇ ಇದ್ದು ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದು ದೇವರಿಗೆ ಹೇಳಿದ ಮಾತು, ಆದ್ದರಿಂದಲೇ ಅದು ಬೈಬಲಿನಲ್ಲಿದೆ. ಇಂಥ ದಿನಗಳಲ್ಲಿ ಹೊಸ ಮಾತು ಹುಡುಕಬೇಡಿ. ಆ ಕೀರ್ತನೆಯನ್ನೇ ಓದಿ, ಬರೆದಿಟ್ಟ ವಿಧೇಯತೆಯನ್ನು ಮುಂದುವರಿಸಿ, ಆರಾಧನೆಗೆ ತಪ್ಪದೆ ಹೋಗಿ ಬೇರೆಯವರು ಹಾಡುವುದನ್ನು ಕೇಳುತ್ತ ಕುಳಿತಿರಿ.

ಆದರೆ ದೇವರ ವಿಷಯದಲ್ಲಿ ಮಾತ್ರವಲ್ಲ, ಊಟ, ನಿದ್ದೆ, ಮಕ್ಕಳು, ಕೆಲಸ ಯಾವುದರಲ್ಲಿಯೂ ರುಚಿಯಿಲ್ಲದೆ ಎರಡು ವಾರಕ್ಕಿಂತ ಹೆಚ್ಚು ದಿನ ಕಳೆದಿದ್ದರೆ ಅದು ಖಿನ್ನತೆಯಿರಬಹುದು. ಅದು ಕಾಯಿಲೆ, ಪಾಪದ ಫಲವೆಂದೋ ದುರಾತ್ಮದ ಕಾಟವೆಂದೋ ಹೇಳುವವರ ಮಾತಿಗೆ ಕಿವಿಗೊಡಬೇಡಿ. ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಿ, ಅಥವಾ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಔಷಧ ತೆಗೆದುಕೊಳ್ಳುತ್ತಲೇ ಪ್ರಾರ್ಥಿಸಬಹುದು.

ಮಕ್ಕಳಿಗೆ ಕಲಿಸುವವರಿಗೆ

ಸಂಡೇ ಸ್ಕೂಲಿನಲ್ಲಿ ಕಲಿಸುವವರೂ ತಂದೆತಾಯಂದಿರೂ ಈ ಹೆಜ್ಜೆಗಳನ್ನು ಮಕ್ಕಳಿಗೆ ಮೊದಲಿನಿಂದಲೇ ರೂಢಿಮಾಡಿಸಬಹುದು. ಕಂಠಪಾಠದ ಸ್ಪರ್ಧೆಯನ್ನು ನಿಲ್ಲಿಸಬೇಡಿ. ಆ ವಯಸ್ಸಿನಲ್ಲಿ ಕಲಿತದ್ದು ಮುಪ್ಪಿನವರೆಗೆ ಉಳಿಯುತ್ತದೆ. ಆದರೆ ಮಗು ವಾಕ್ಯವನ್ನು ಒಪ್ಪಿಸಿ ಮುಗಿಸಿದ ಕೂಡಲೇ ಬಹುಮಾನ ಕೊಟ್ಟು ಕೂರಿಸಬೇಡಿ. ಇದನ್ನು ನೀನು ದೇವರಿಗೆ ಹೇಗೆ ಹೇಳುತ್ತೀ ಎಂದು ಕೇಳಿ. ಒಂದು ಮಗು ತನ್ನ ಅಪ್ಪ ಬೆಂಗಳೂರಿಗೆ ದುಡಿಯಲು ಹೋಗಿದ್ದಾನೆ, ಅವನನ್ನೂ ಕಾಯಿ ಎನ್ನಬಹುದು. ಇನ್ನೊಂದು, ಏನೂ ಹೇಳಲು ತೋಚುವುದಿಲ್ಲ ಎನ್ನಬಹುದು. ಎರಡನ್ನೂ ತಿದ್ದಬೇಡಿ. ಮಗು ಹೇಳಿದ ಮಾತನ್ನೇ ತೆಗೆದುಕೊಂಡು ನೀವೂ ಅದರ ಜೊತೆ ಪ್ರಾರ್ಥಿಸಿ, ಮುಂದಿನ ಭಾನುವಾರ ಅದರ ಅಪ್ಪನಿಂದ ಫೋನ್ ಬಂತೇ ಎಂದು ಮರೆಯದೆ ವಿಚಾರಿಸಿ.